ತಾನಾಗಿ ಪೆಟ್ಟಿಗೆ ಹೊಕ್ಕ ಸಿಂಗಳೀಕ

ಸಿಂಗಳೀಕವೊಂದನ್ನು ಒಂದು ಮೃಗಾಲಯದಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ, ವಾಹನ ಹೊರಡುವುದಕ್ಕೆ ಹಲವು ವಾರ ಮೊದಲೇ ಶುರುವಾಗಿರುತ್ತದೆ. ಮುಖದ ಸುತ್ತ ಬೂದುಬಿಳಿ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ, ಮಿಕ್ಕ ಮೈಯೆಲ್ಲ ಕಪ್ಪಾದ ಈ ಕೋತಿಗೆ ಪಶ್ಚಿಮ ಘಟ್ಟದ ಮಳೆಕಾಡು ಬಿಟ್ಟು ಬೇರೆ ತವರಿಲ್ಲ. ಮೃಗಾಲಯಗಳಲ್ಲಿ ಇರುವವು ಕೆಲವೇ. ಅವು ಅಲ್ಲಲ್ಲೇ ಉಳಿದರೆ ಕೆಲವು ತಲೆಮಾರಿನೊಳಗೆ ಒಡಹುಟ್ಟಿದವುಗಳ ನಡುವೆಯೇ ಮರಿಗಳಾಗತೊಡಗುತ್ತವೆ.

ಕಾಡಿನಲ್ಲಿ ಈ ತೊಡಕಿಲ್ಲ. ಹೆಣ್ಣು ಸಿಂಗಳೀಕ ಹುಟ್ಟಿದ ಹಿಂಡಿನಲ್ಲೇ ಬಾಳುತ್ತದೆ. ಗಂಡು ಪ್ರಾಯಕ್ಕೆ ಬಂದಾಗ ಹಿಂಡು ತೊರೆದು ಬೇರೆ ಹಿಂಡು ಅರಸುತ್ತದೆ. ಪಂಜರದಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ಹಿಂಡಿನ ಯಜಮಾನ ಗಂಡಿನ ಕಚ್ಚಾಟಕ್ಕೆ ಸಿಕ್ಕಿ ನವೆಯುತ್ತದೆ. ಆದ್ದರಿಂದ ಸಾಧ್ಯವಾದಷ್ಟೂ ಪ್ರಾಯದ ಗಂಡನ್ನೇ ಸಾಗಿಸುವುದು ಜಾಣತನ. ಯಾವುದು ಎಲ್ಲಿಗೆ ಹೋಗಬೇಕೆಂಬುದನ್ನು ಪ್ರತಿ ಪ್ರಾಣಿಯ ತಂದೆತಾಯಿ, ಹುಟ್ಟಿದ ದಿನ, ಮೈಕ್ರೋಚಿಪ್ ಸಂಖ್ಯೆ ದಾಖಲಾಗಿರುವ ವಂಶಾವಳಿ ಪುಸ್ತಕ ನೋಡಿ ನಿರ್ಧರಿಸುತ್ತಾರೆ. 1992ರಲ್ಲಿ ಸ್ಥಾಪನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಮೃಗಾಲಯಗಳು ಇಂಥ ಪ್ರಾಣಿಯನ್ನು ಕೊಡುವಂತಿಲ್ಲ, ಪಡೆಯುವಂತಿಲ್ಲ. ವಿದೇಶಕ್ಕೆ ಕಳಿಸುವುದಾದರೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪರವಾನಗಿಯೂ ಬೇಕು, ಪೆಟ್ಟಿಗೆಯ ಬಗ್ಗೆ ವಿಮಾನಯಾನ ಒಕ್ಕೂಟದ ನಿಯಮಗಳನ್ನೂ ಪಾಲಿಸಬೇಕು.

ಹಿಂದೆ ಇಷ್ಟು ಕಾಳಜಿ ಇರಲಿಲ್ಲ. ಭಾರತದಿಂದ ಪ್ರಯೋಗಾಲಯಗಳಿಗೆಂದು ರೀಸಸ್ ಕೋತಿಗಳು ದಂಡಿಯಾಗಿ ಹಡಗು, ವಿಮಾನ ಏರುತ್ತಿದ್ದವು. 1978ರಲ್ಲಿ ಆ ರಫ್ತು ನಿಂತಿತು. ಅದೇ ವರ್ಷ ಬಂದ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕೋತಿಗಳಿಗೇ ಒಂದು ಅಧ್ಯಾಯವಿದೆ. ಮೂರು ಅಡಿ ಉದ್ದದ ಒಂದು ಪಂಜರದಲ್ಲಿ ಸಣ್ಣ ಕೋತಿಗಳನ್ನು 12ರವರೆಗೆ ತುಂಬಲು ಅದು ಅವಕಾಶ ಕೊಡುತ್ತದೆ. ಹಿಂಸೆ ತಡೆಯಲೆಂದೇ ಮಾಡಿದ ನಿಯಮದ ಲೆಕ್ಕ ಅದಾಗಿತ್ತು ಎಂದರೆ, ನಿಯಮವಿಲ್ಲದ ಕಾಲದ ಪಂಜರಗಳನ್ನು ನೆನೆಯಲೂ ಸಂಕಟವಾಗುತ್ತದೆ. ಇಂದು ಮೃಗಾಲಯದ ಕೋತಿಗೆ ಒಂದೊಂದಕ್ಕೆ ಒಂದೊಂದು ಪೆಟ್ಟಿಗೆ. ಹಾಲುಣ್ಣುವ ಮರಿ ಮಾತ್ರ ತಾಯಿಯ ಜೊತೆ.

ಹೊರಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಕೋತಿಗೆ ಕ್ಷಯ ಮನುಷ್ಯನಿಂದಲೇ ತಗಲಬಹುದು, ಒಂದಕ್ಕೆ ಬಂದರೆ ಇಡೀ ಹಿಂಡಿಗೆ ಹಬ್ಬುತ್ತದೆ. ಟ್ಯೂಬರ್ಕ್ಯುಲಿನ್ ಮದ್ದನ್ನು ಕೂದಲೆಳೆಯಂಥ ಸೂಜಿಯಿಂದ ಮೇಲಿನ ಕಣ್ಣುರೆಪ್ಪೆಯ ಚರ್ಮದೊಳಕ್ಕೆ ಕೊಡುತ್ತಾರೆ. ರೆಪ್ಪೆಯೇ ಏಕೆಂದರೆ, ಮುಂದಿನ ಮೂರು ದಿನ ಅದು ಊದಿಕೊಂಡಿತೇ ಎಂದು ವೈದ್ಯರು ಜಾಲರಿಯಾಚೆ ನಿಂತೇ ನೋಡಬಹುದು. ಕೋತಿಯನ್ನು ಮತ್ತೆ ಹಿಡಿದು ಹಿಂಸಿಸುವ ಅಗತ್ಯವಿಲ್ಲ.

ಪೆಟ್ಟಿಗೆ ಪ್ಲೈವುಡ್ಡಿನದು. ಕೋತಿ ನೆಟ್ಟಗೆ ಕೂರಲು, ಮೈ ತಿರುಗಿಸಲು ಆಗುವಷ್ಟು ಜಾಗವಿದ್ದರೆ ಸಾಕು; ತೀರ ದೊಡ್ಡದಾದರೆ ತಿರುವುಗಳಲ್ಲಿ ಬಡಿದುಕೊಂಡು ಗಾಯವಾಗುತ್ತದೆ. ಗಾಳಿಗೆ ತೂತುಗಳು, ಹೊರಗಿನಿಂದಲೇ ನೀರು ತುಂಬುವ ಬಟ್ಟಲು, ನೆಲಕ್ಕೆ ಒಣಹುಲ್ಲು, ಮೇಲಿನಿಂದ ಇಳಿಯುವ ಜಾರುಬಾಗಿಲು. ಒಳಗೆ ಒಂದು ಮೊಳೆಯ ಮೊನೆಯೂ ಚಾಚಿರಬಾರದು. ಕೋತಿಯ ಬೆರಳು ಎಲ್ಲವನ್ನೂ ತಡವಿ ನೋಡುತ್ತದೆ, ಸಡಿಲ ಚಿಲಕವನ್ನು ಬಿಚ್ಚಿಯೂ ಬಿಡುತ್ತದೆ.

ಈ ಪೆಟ್ಟಿಗೆಯನ್ನು ಬಾಗಿಲು ತೆರೆದೇ ಪಂಜರಕ್ಕೆ ಆನಿಸಿಡುತ್ತಾರೆ. ಮೊದಲ ದಿನ ಕಡಲೆಬೀಜ ಹೊಸ್ತಿಲಲ್ಲಿ, ಆಮೇಲೆ ಒಂದು ಗೇಣು ಒಳಗೆ, ಕಡೆಗೆ ಹಿಂಗೋಡೆಯ ಬುಡದಲ್ಲಿ. ಕೋತಿ ಮೊದಮೊದಲು ಕೈಚಾಚಿ ಎತ್ತಿಕೊಂಡು ಓಡುತ್ತದೆ. ಬಾಗಿಲು ಒಂದಿಷ್ಟು ಕೆಳಗಿಳಿದರೂ ಬೆದರದೆ ಒಳಗೇ ಕೂತು ತಿನ್ನುವಂತಾದಾಗ ಅಭ್ಯಾಸ ಮುಗಿಯಿತು. ಬಲೆ ಬೀಸಿ ಹಿಡಿದು ತುರುಕುವುದು ಅರ್ಧ ಗಂಟೆಯ ಕೆಲಸ, ನಿಜ. ಆದರೆ ಆ ಅರ್ಧ ಗಂಟೆಯ ಹೆದರಿಕೆಯಲ್ಲಿ ಮೈ ಕಾದು, ಪ್ರಾಣವೇ ಹೋಗಬಹುದು. ಪ್ರಾಣಿಪಾಲಕನ ತಾಳ್ಮೆಯೇ ಇಲ್ಲಿನ ನಿಜವಾದ ಕಸುಬು.

ಮತ್ತು ಬರಿಸಿ ಸಾಗಿಸುವುದು ಸುರಕ್ಷಿತವೆಂದು ತೋರಬಹುದು. ಹಾಗಲ್ಲ. ಅರಿವಳಿಕೆಯಲ್ಲಿ ಮೈಶಾಖ ಹಿಡಿತ ತಪ್ಪುತ್ತದೆ, ವಾಂತಿಯಾದರೆ ಉಸಿರುಗಟ್ಟುತ್ತದೆ, ಓಲಾಡುವ ವಾಹನದಲ್ಲಿ ಚಿಕಿತ್ಸೆ ಕಷ್ಟ. ಎಚ್ಚರವಾಗಿರುವ ಕೋತಿಗೆ ಕತ್ತಲೆಯೇ ಸಮಾಧಾನ: ಗಾಳಿ ಆಡುವಂತೆ ಪೆಟ್ಟಿಗೆಯ ಮೇಲೆ ಗೋಣಿತಾಟು ಹೊದಿಸುತ್ತಾರೆ. ಬಿಸಿಲು ತಪ್ಪಿಸಲು ಸಂಜೆ ಹೊರಡುತ್ತಾರೆ. ವೈದ್ಯರು, ಪ್ರಾಣಿಪಾಲಕ ಜೊತೆಗಿರುತ್ತಾರೆ. ಕೆಲವು ಗಂಟೆಗೊಮ್ಮೆ ನಿಲ್ಲಿಸಿ, ತಾಟಿನ ಅಂಚು ಸರಿಸಿ, ನೀರು ಕೊಟ್ಟು, ಸೌತೆಕಾಯಿ ಹೋಳು, ದ್ರಾಕ್ಷಿ ಇಡುತ್ತಾರೆ. ನೀರು ಮುಟ್ಟದ ಕೋತಿಯೂ ಹಣ್ಣು ತಿನ್ನುವುದುಂಟು.

ತಲುಪಿದ ಮೇಲೆ ಪೆಟ್ಟಿಗೆ ಹೋಗುವುದು ಕ್ವಾರಂಟೈನ್ ಮನೆಗೆ. ಬಾಗಿಲೆತ್ತಿ ಎಲ್ಲರೂ ದೂರ ಸರಿಯುತ್ತಾರೆ. ಕೋತಿ ಹೊರಬರಲು ಎರಡು ನಿಮಿಷ ಬೇಕಾಗಬಹುದು, ಅರ್ಧ ದಿನವೂ ಬೇಕಾಗಬಹುದು. ಹಳೆಯ ಮನೆಯ ಹುಲ್ಲನ್ನು ಪಕ್ಕದಲ್ಲಿ ಹರಡಿರುತ್ತಾರೆ, ಪರಿಚಿತ ವಾಸನೆ ಇರಲೆಂದು. ಸಾಮಾನ್ಯವಾಗಿ 30 ದಿನ ಕಳೆದು, ಪರೀಕ್ಷೆಗಳೆಲ್ಲ ಸರಿಬಂದ ಮೇಲೆ ಹಿಂಡಿನ ಪಕ್ಕದ ಕೋಣೆಗೆ ತರುತ್ತಾರೆ. ನಡುವೆ ಜಾಲರಿ. ಮೊದಲು ಹಲ್ಲು ಕಿರಿಯುವುದು, ಜಾಲರಿ ಅಲುಗಿಸುವುದು. ದಿನ ಕಳೆದಂತೆ ಹೆಣ್ಣೊಂದು ಬೆನ್ನು ತಿರುಗಿಸಿ ಕೂರುತ್ತದೆ, ಹೊಸಬ ಕಣ್ಣಿಯೊಳಗೆ ಬೆರಳು ತೂರಿಸಿ ಅದರ ಕೂದಲು ಹೆಕ್ಕುತ್ತಾನೆ. ಪ್ರಾಣಿಪಾಲಕ ಕಾಯುತ್ತಿದ್ದುದು ಇದಕ್ಕೇ. ಆಗ ನಡುಬಾಗಿಲು ತೆರೆಯುತ್ತಾರೆ.