ಹಳೇ ಕಾರಿನ ತಂತಿಜಡೆ

ಹಳೆಯ ಮಾರಿಸ್ ಮೈನರ್ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಹತ್ತಿನೂಲಿನ ಹೊದಿಕೆ ತೊಟ್ಟ ತಂತಿಗಳ ಜಡೆಯೊಂದು ಕೈಗೆ ಬರುತ್ತದೆ. ಮುಟ್ಟಿದರೆ ನೂಲು ಪುಡಿಪುಡಿ. ಬಣ್ಣವೆಲ್ಲ ಮಾಸಿ ಮಣ್ಣಿನಂತಾಗಿರುತ್ತದೆ. ಕತ್ತರಿಸಿ ಎಸೆದು ಹೊಸ ವೈರ್ ಎಳೆದುಬಿಡೋಣ ಎನ್ನುವವರೇ ಹೆಚ್ಚು. ಈ ಕೆಲಸದಲ್ಲಿ ಪಳಗಿದವರು ಮಾತ್ರ ಮೊದಲು ಕನೆಕ್ಟರಿನ ರಬ್ಬರ್ ತೋಳು ಸರಿಸಿ, ಎಣ್ಣೆ ಧೂಳು ತಾಗದ ಅರ್ಧ ಇಂಚಿನಲ್ಲಿ ಉಳಿದ ಅಸಲಿ ಬಣ್ಣ ಹುಡುಕುತ್ತಾರೆ.

ಕಾರಿನ ವಿದ್ಯುತ್ ಸಾಮಾನು ಮಾಡುತ್ತಿದ್ದ ಬ್ರಿಟನ್ನಿನ ಲೂಕಾಸ್ ಕಂಪನಿಯ ಪದ್ಧತಿಯಲ್ಲಿ ಆ ಬಣ್ಣಗಳೇ ನಕ್ಷೆ. ಕಂದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಇಗ್ನಿಷನ್ನಿನದು, ಹಸಿರು ಇಗ್ನಿಷನ್ನಿನಿಂದ ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟಿನದು, ಅದರ ಮೇಲೆ ಬಿಳಿ ಗೆರೆಯಿದ್ದರೆ ಹೈ ಬೀಮ್, ಕೆಂಪು ಗೆರೆಯಿದ್ದರೆ ಡಿಪ್. ಬರಿ ಕೆಂಪು ಪಾರ್ಕಿಂಗ್ ಮತ್ತು ಟೇಲ್ ಲ್ಯಾಂಪಿಗೆ. ಕಪ್ಪು ಅರ್ಥ್. ಅರ್ಥ್ ಕೆಟ್ಟರೆ ಮಿಕ್ಕ ಯಾವುದಕ್ಕೂ ಅರ್ಥವಿಲ್ಲ. ಲೂಕಾಸ್ ಸಾಹೇಬರನ್ನು 'ಕತ್ತಲೆಯ ರಾಜಕುಮಾರ' ಎಂದು ಗೇಲಿ ಮಾಡುತ್ತಾರಲ್ಲ, ಬಹಳಷ್ಟು ಸಲ ತಪ್ಪು ಅವರದಲ್ಲ, ತುಕ್ಕು ಹಿಡಿದ ಅರ್ಥ್ ಬೋಲ್ಟಿನದು.

ಹೆಡ್‌ಲೈಟಿನ ವಿಷಯ ಸ್ವಲ್ಪ ಗಂಭೀರ. ಮೈನರ್‌ನಲ್ಲಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಎಡಗಾಲಲ್ಲಿ ಒತ್ತುವ ಡಿಪ್ಪರ್ ಹಾದು ಮುಂದಕ್ಕೆ ಹೋಗುತ್ತದೆ (ಹಳೇ ಅಂಬಾಸಡರ್ ಓಡಿಸಿದವರ ಕಾಲಿಗೆ ಈ ಡಿಪ್ಪರ್ ಇನ್ನೂ ನೆನಪಿರಬಹುದು). ನಡುವೆ ಫ್ಯೂಸೇ ಇಲ್ಲ. ಇಂಥ ದಾರಿಗೆ 60/55 ವಾಟಿನ ಎಚ್4 ಬಲ್ಬ್ ಜೋಡಿ ಹಾಕಿದರೆ ಹೈ ಬೀಮಿನಲ್ಲಿ 10 ಆಂಪಿಯರ್ ಹರಿಯಬೇಕು. ಸವೆದ ಸ್ವಿಚ್ ಬಿಸಿಯಾಗುತ್ತದೆ. ದಾರಿಯಲ್ಲೇ ನೂರಕ್ಕೆ 10ರಷ್ಟು ವೋಲ್ಟೇಜ್ ಸೋರಿದರೆ ಬೆಳಕು ಸುಮಾರು 30ರಷ್ಟು ಇಳಿಯುತ್ತದೆ. ಇದಕ್ಕೆ ಮದ್ದು ರಿಲೇ. ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ತಂತಿ ರಿಲೇಗೆ, ಅಲ್ಲಿಂದ ಬಲ್ಬಿಗೆ. ಹಳೇ ನೀಲಿ ತಂತಿ ಇನ್ನು ಭಾರ ಹೊರುವುದಿಲ್ಲ, ರಿಲೇಗೆ ಅಪ್ಪಣೆ ಕೊಡುತ್ತದೆ ಅಷ್ಟೆ. ರಿಲೇಯನ್ನು ಮರೆಯಲ್ಲಿ ಕೂರಿಸಿ, ಅಸಲಿ ತಂತಿಗೆ ಕತ್ತರಿ ತಾಗಿಸದೆ ಜೋಡಿಸಬೇಕು. ನಾಳೆ ಯಾರಾದರೂ ಕಿತ್ತರೆ ಕಾರು ಮೊದಲಿನಂತೆಯೇ ಇರಬೇಕು. ನನ್ನ ಮಟ್ಟಿಗೆ ಕಸುಬು ತಿಳಿಯುವುದು ಇಲ್ಲಿ.

ಎಲ್‌ಇಡಿ ಹಾಕುವ ಆಸೆ ಎಲ್ಲರಿಗೂ. ಆದರೆ ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್. ತಂತಿ ಸುರುಳಿಯ ಬಲ್ಬಿಗೆ ಪ್ಲಸ್ಸು ಮೈನಸ್ಸಿನ ಹಂಗಿಲ್ಲ. ಈಗಿನ ಕಾರುಗಳಿಗೆಂದು ಮಾಡಿದ ಎಷ್ಟೋ ಎಲ್‌ಇಡಿ ಅಲ್ಲಿ ಉರಿಯುವುದೇ ಇಲ್ಲ. ಇಂಡಿಕೇಟರಿಗೆ ಇನ್ನೊಂದು ಪೇಚು: ಹಳೇ ಫ್ಲಾಷರ್ ಡಬ್ಬಿ 21 ವಾಟಿನ ಎರಡು ಬಲ್ಬುಗಳ ಕರೆಂಟಿನಲ್ಲಿ ಕಾದು ಮಿನುಗಿಸುವಂಥದ್ದು. ಹೊರೆ ಇಳಿದರೆ ಅದು ಸುಮ್ಮನೆ ಕೂರುತ್ತದೆ.

ಜಡೆಯೇ ಸತ್ತುಹೋಗಿದ್ದರೆ ಹೊಸದನ್ನು ಹೆಣೆಯಬೇಕು. ಹಳೆಯದನ್ನು ಪ್ಲೈವುಡ್ ಹಲಗೆಯ ಮೇಲೆ ಹರಡಿ, ಕವಲೊಡೆಯುವ ಕಡೆಯೆಲ್ಲ ಮೊಳೆ ಹೊಡೆದು, ಅದೇ ಅಳತೆಯಲ್ಲಿ ಹೊಸ ತಂತಿ ಎಳೆದು, ತುದಿತುದಿಗೂ ಚೀಟಿ ಕಟ್ಟುತ್ತಾರೆ. ಸುತ್ತುವುದು ಕೊನೆಗೆ.

ಕಾರಿಗೆ ಕೂರಿಸಿದ ಮೇಲೂ ಬ್ಯಾಟರಿಯನ್ನು ನೇರ ಜೋಡಿಸುವ ಧೈರ್ಯ ಮಾಡುವುದಿಲ್ಲ. ನಡುವೆ ಒಂದು ಬಲ್ಬ್ ಇಡುತ್ತಾರೆ. ಎಲ್ಲ ಸ್ವಿಚ್ ಆಫ್ ಇದ್ದೂ ಅದು ಝಗ್ಗೆಂದು ಉರಿದರೆ, ಎಲ್ಲೋ ತಂತಿ ಬಾಡಿಗೆ ತಾಗಿದೆ ಎಂದೇ ಲೆಕ್ಕ. ಟಾರ್ಚ್ ಹಿಡಿದು ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಬೇಕು.