ಪ್ರಾಣವಾಯುವಿನ ಅಭಾವವೂ ಸ್ತನಾರ್ಬುದದ ಮೊದಲ ಹಂತವೂ

ಕಳೆದ ವರ್ಷ ನಮ್ಮ ಬೀದಿಯ ತಾಯಿಯೊಬ್ಬರು ವೈದ್ಯರ ವರದಿಯೊಂದನ್ನು ಕೈಯಲ್ಲಿ ಹಿಡಿದು ಬಂದು, “ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳಿರಿ” ಎಂದು ಕೇಳಿದರು. ವ್ಯಾಕರಣ ಛಂದಸ್ಸುಗಳಲ್ಲಿ ಆಯುಷ್ಯವನ್ನು ಸವೆಸಿದ ನನಗೆ ಆ ಬರಹದ ಅರ್ಧ ಭಾಗವೂ ತಿಳಿಯಲಿಲ್ಲ. ಕೊನೆಗೆ ನನ್ನ ಹಳೆಯ ಶಿಷ್ಯರಲ್ಲಿ ಒಬ್ಬರಾದ, ಈಗ ರೋಗನಿದಾನಶಾಸ್ತ್ರದಲ್ಲಿ ಕೆಲಸ ಮಾಡುತ್ತಿರುವ ವೈದ್ಯರನ್ನು ಆಶ್ರಯಿಸಿದೆನು. ಅವರು ಎರಡು ಸಂಜೆ ಕುಳಿತು ಗುರುವಿಗೆ ಪಾಠ ಹೇಳಿದರು. ವರದಿಯ ಸಾರ ಮೂರು ಮಾತು: ಅರ್ಬುದವು ಕ್ಷೀರನಾಳದ ಒಳಗೇ ಇದೆ, ನಾಳದ ನಡುವೆ ಕೋಶಗಳು ಸತ್ತಿವೆ, ನಾಳದ ತಳಪೊರೆ ಹರಿದಿಲ್ಲ. ಆ ತಾಯಿಯವರ ಪ್ರಶ್ನೆಯಾದರೋ ಬೇರೆ. “ಕೈಗೆ ಗಂಟು ಸಿಕ್ಕಿಲ್ಲ, ನೋವಿಲ್ಲ, ಹೀಗಿರುವಾಗ ಶಸ್ತ್ರಕ್ರಿಯೆ ಏಕೆ?” ಎಂಬುದೇ ಅದು. ಈ ಪ್ರಶ್ನೆಗೆ ಉತ್ತರವು ಆ ಮೂರು ಮಾತುಗಳಲ್ಲಿಯೇ ಅಡಗಿರುವುದರಿಂದ ಅವನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುವೆನು.

ಸ್ತನವೆಂಬುದು ಹಾಲನ್ನು ಉತ್ಪಾದಿಸುವ ಸಣ್ಣ ಸಣ್ಣ ಗ್ರಂಥಿಗಳ ಮತ್ತು ಆ ಹಾಲನ್ನು ಮೊಲೆತೊಟ್ಟಿಗೆ ಒಯ್ಯುವ ನಾಳಗಳ ಸಮುದಾಯ. ನಾಳದ ಒಳಗೋಡೆಗೆ ಎರಡು ಪದರ ಜೀವಕೋಶಗಳ ಹೊದಿಕೆಯಿದೆ. ಅವುಗಳ ಅಡಿಯಲ್ಲಿ ತಳಪೊರೆಯೆಂಬ ಅತಿ ತೆಳುವಾದ ಹಾಸು. ರಕ್ತನಾಳಗಳೆಲ್ಲವೂ ಈ ತಳಪೊರೆಯ ಹೊರಗೆ. ಒಳಗೆ ಒಂದೂ ಇಲ್ಲ. ಒಳಗಿನ ಕೋಶಗಳಿಗೆ ಬೇಕಾದ ಆಮ್ಲಜನಕವು ಹೊರಗಿನ ರಕ್ತದಿಂದ ಜಿನುಗಿಯೇ ಬರಬೇಕು. ಎರಡು ಪದರಗಳಿರುವ ತನಕ ಇದರಿಂದ ಯಾವ ತೊಂದರೆಯೂ ಇಲ್ಲ.

ಆದರೆ ವಂಶವಾಹಿಗಳಲ್ಲಿ ದೋಷವುಂಟಾಗಿ ಕೋಶಗಳು ಅಂಕೆಯಿಲ್ಲದೆ ವೃದ್ಧಿಯಾಗತೊಡಗಿದರೆ ಅವು ನಾಳದ ಒಳಗಣ ಪೊಳ್ಳನ್ನು ತುಂಬುತ್ತವೆ. ಒಂದರ ಮೇಲೊಂದು ಪೇರಿಸಿಕೊಂಡಂತೆ ನಡುವಿನ ಕೋಶಗಳು ರಕ್ತದಿಂದ ದೂರ ದೂರವಾಗುತ್ತವೆ. ಆಮ್ಲಜನಕವು ಎಷ್ಟು ದೂರ ಜಿನುಗಬಲ್ಲದು? 1955ರಲ್ಲಿ ಇಂಗ್ಲೆಂಡಿನ ಟಾಮ್ಲಿನ್ಸನ್ ಮತ್ತು ಗ್ರೇ ಎಂಬ ವಿಜ್ಞಾನಿಗಳು ಶ್ವಾಸಕೋಶದ ಅರ್ಬುದದ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ನೋಡಿದರು. ಅಂಚಿನಲ್ಲಿ ಬದುಕಿರುವ ಕೋಶಗಳ ಪಟ್ಟಿಯ ದಪ್ಪವು ಸುಮಾರು 0.18 ಮಿಲಿಮೀಟರನ್ನು ಮೀರುತ್ತಿರಲಿಲ್ಲ; ಅದರಾಚೆಗೆ ಸತ್ತ ಕೋಶಗಳ ರಾಶಿ. ಹಾದಿಯಲ್ಲಿರುವ ಕೋಶಗಳೇ ಆಮ್ಲಜನಕವನ್ನು ಉಂಡು ಮುಗಿಸುವುದರಿಂದ ಕಾಲುವೆಯ ತುದಿಯ ಗದ್ದೆಗೆ ನೀರು ತಲುಪದಂತೆ ಆಗುತ್ತದೆ. ಕ್ಷೀರನಾಳದಲ್ಲಿ ನಡೆಯುವುದೂ ಇದೇ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಆಮ್ಲಜನಕದ ಅಭಾವವು ಅರ್ಬುದದ ಮೂಲಕಾರಣವೆಂದು ಕೆಲವರು ಹೇಳುವುದುಂಟು. ಆ ತಾಯಿಯವರಿಗೂ ಯಾರೋ ಒಬ್ಬರು, ದೀರ್ಘವಾಗಿ ಉಸಿರೆಳೆದುಕೊಂಡರೆ ಸಾಕು, ಕತ್ತರಿಯ ಹಂಗೇ ಬೇಡ ಎಂದು ಉಪದೇಶಿಸಿದ್ದರು. ಆರೋಗ್ಯವಂತರ ಅಪಧಮನಿಯ ರಕ್ತವು ಸಹಜವಾದ ಉಸಿರಾಟದಲ್ಲಿಯೇ ತಾನು ಹೊರಬಲ್ಲ ಆಮ್ಲಜನಕದ ಶೇಕಡಾ 95ಕ್ಕಿಂತ ಹೆಚ್ಚನ್ನು ಹೊತ್ತಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯಬಹುದು? ಕೊರತೆಯು ರಕ್ತದಲ್ಲಿಲ್ಲ, ರಕ್ತಕ್ಕೂ ಕೋಶಕ್ಕೂ ಇರುವ ಅಂತರದಲ್ಲಿದೆ. ಮೊದಲು ಕೋಶಗಳ ಅತಿವೃದ್ಧಿ, ಅದರಿಂದ ಅಭಾವ, ಅಭಾವದಿಂದ ಮುಂದಿನ ಕೇಡು ಎಂಬುದೇ ಕ್ರಮ. ಪ್ರಾಣಾಯಾಮವು ಮನಸ್ಸಿಗೆ ಹಿತವೇ ಸರಿ, ನಾನೂ ಮಾಡುತ್ತೇನೆ. ಅದರಿಂದ ಆ ಅಂತರವು ಕಡಮೆಯಾಗದು.

ಅಭಾವಕ್ಕೆ ಸಿಲುಕಿದ ಕೋಶಗಳೆಲ್ಲವೂ ಸಾಯುವುದಿಲ್ಲ. ಸತ್ತವುಗಳಿಗೂ ಸುಖವಾಗಿರುವವುಗಳಿಗೂ ನಡುವೆ ಅರೆ ಉಸಿರಿನಲ್ಲಿ ಬದುಕುವ ಕೋಶಗಳ ಒಂದು ಉಂಗುರವಿರುತ್ತದೆ. ಭಯಪಡಬೇಕಾದುದು ಇವಕ್ಕೇ. ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಆಮ್ಲಜನಕದ ಪ್ರಮಾಣವನ್ನು ಅರಿಯುವ ವ್ಯವಸ್ಥೆಯೊಂದಿದೆ. ಹಿಫ್ ಎಂದು ವಿಜ್ಞಾನಿಗಳು ಸಂಕ್ಷೇಪವಾಗಿ ಕರೆಯುವ ಪ್ರೋಟೀನೊಂದು ಕೋಶದಲ್ಲಿ ಸದಾ ತಯಾರಾಗುತ್ತಲೇ ಇರುತ್ತದೆ. ಆಮ್ಲಜನಕವು ಸಾಕಷ್ಟಿದ್ದರೆ ಅದಕ್ಕೆ ಒಂದು ಗುರುತು ಬಿದ್ದು, ಆ ಗುರುತನ್ನು ಕಂಡ ಬೇರೆ ಪ್ರೋಟೀನುಗಳು ಕೆಲವೇ ನಿಮಿಷಗಳಲ್ಲಿ ಅದನ್ನು ನಾಶಕ್ಕೆ ಒಪ್ಪಿಸುತ್ತವೆ. ಆಮ್ಲಜನಕ ಕಡಮೆಯಾದರೆ ಗುರುತು ಬೀಳದು. ಪ್ರೋಟೀನು ಉಳಿದು, ಬೆಳೆದು, ಕೋಶಕೇಂದ್ರವನ್ನು ಹೊಕ್ಕು ನೂರಾರು ವಂಶವಾಹಿಗಳನ್ನು ಎಚ್ಚರಿಸುತ್ತದೆ. ಮಾಡುವುದು ನಿಂತಾಗ ಅಲ್ಲ, ಅಳಿಸುವುದು ನಿಂತಾಗ ಆಜ್ಞೆ ಹೊರಡುವುದು ಈ ಯಂತ್ರದ ಸೊಗಸು. ಇದನ್ನು ಬಿಡಿಸಿ ತೋರಿದ ಅಮೆರಿಕದ ವಿಲಿಯಂ ಕೇಲಿನ್ ಮತ್ತು ಗ್ರೆಗ್ ಸೆಮೆನ್ಝಾ, ಇಂಗ್ಲೆಂಡಿನ ಪೀಟರ್ ರಾಟ್‌ಕ್ಲಿಫ್ ಇವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಎತ್ತರದ ಪರ್ವತಗಳಲ್ಲಿ ವಾಸಿಸುವವರಿಗೆ ಕೆಂಪು ರಕ್ತಕಣಗಳು ಹೆಚ್ಚುವುದೂ ಗರ್ಭಸ್ಥ ಶಿಶುವಿನ ರಕ್ತನಾಳಗಳು ಬೆಳೆಯುವುದೂ ಇದರಿಂದಲೇ. ರಕ್ಷಣೆಗೆಂದು ಇರುವ ಉಪಾಯವನ್ನು ಅರ್ಬುದವು ತನ್ನ ಕಾರ್ಯಕ್ಕೆ ಬಳಸಿಕೊಳ್ಳುತ್ತದೆ.

ಆ ಆಜ್ಞೆಯಿಂದ ಏನೇನಾಗುವುದು? ಮೊದಲನೆಯದಾಗಿ ಕೋಶದ ಅಡಿಗೆಯ ಕ್ರಮವೇ ಬದಲಾಗುತ್ತದೆ. ಆಮ್ಲಜನಕವಿದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಶಕ್ತಿಯ ಅಣುಗಳು ದೊರೆಯುತ್ತವೆ. ಇಲ್ಲದಾಗ ಕೇವಲ 2. ಆದುದರಿಂದ ಕೋಶವು ಸಕ್ಕರೆಯನ್ನು ಬಕಾಸುರನಂತೆ ನುಂಗತೊಡಗಿ, ಲ್ಯಾಕ್ಟಿಕ್ ಆಮ್ಲವನ್ನು ಹೊರಚೆಲ್ಲುತ್ತದೆ. ಭಾಷಾಭ್ಯಾಸಿಯಾಗಿ ಇಲ್ಲಿ ಒಂದು ಮಾತು ಹೇಳದಿರಲಾರೆ. ಆಮ್ಲಗಳೆಲ್ಲವೂ ಈ ವಾಯುವಿನಿಂದಲೇ ಹುಟ್ಟುವುವೆಂದು ಫ್ರಾನ್ಸಿನ ಲವಾಸಿಯೇ ತಪ್ಪಾಗಿ ಎಣಿಸಿ ಇಟ್ಟ ಹೆಸರನ್ನೇ ನಾವು ‘ಆಮ್ಲಜನಕ’ ಎಂದು ಅನುವಾದಿಸಿಕೊಂಡೆವು. ಈ ಪ್ರಸಂಗದಲ್ಲಾದರೋ ಆಮ್ಲಜನಕವಿಲ್ಲದಾಗಲೇ ಆಮ್ಲದ ಜನನ! ‘ಪ್ರಾಣವಾಯು’ ಎಂಬ ಹೆಸರೇ ಮೇಲೆಂದು ನನ್ನ ಮತ.

ಎರಡನೆಯದಾಗಿ, ಹೊಸ ರಕ್ತನಾಳಗಳನ್ನು ಕರೆಯುವ ಪ್ರೋಟೀನನ್ನು ಕೋಶಗಳು ಹೊರಕ್ಕೆ ಕಳುಹಿಸುತ್ತವೆ. ತಳಪೊರೆಯ ಹೊರಗೆ ಸಣ್ಣ ರಕ್ತನಾಳಗಳು ನೆರೆಯುತ್ತವೆ. ಇನ್ನೊಂದು ಪರಿಣಾಮವು ಇವೆರಡಕ್ಕಿಂತಲೂ ಗಂಭೀರವಾದುದು. ಉಸಿರಿಲ್ಲದ, ಆಮ್ಲಮಯವಾದ ಆ ಎಡೆಯಲ್ಲಿ ಸಾಮಾನ್ಯ ಕೋಶಗಳು ಅಳಿದು, ಕಷ್ಟಸಹಿಷ್ಣುಗಳಾದ ದುಷ್ಟ ಕೋಶಗಳು ಉಳಿಯುತ್ತವೆ. ಕೆಟ್ಟ ಕೋಶವನ್ನು ಸಾಯುವಂತೆ ಮಾಡುವ ಪಿ-53 ಎಂಬ ಕಾವಲುಗಾರ ವಂಶವಾಹಿಯನ್ನು ಕಳೆದುಕೊಂಡ ಕೋಶಗಳೇ ಅಭಾವದಲ್ಲಿ ಗೆದ್ದು ನಿಲ್ಲುವುವೆಂದು 1996ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬರಗಾಲದಲ್ಲಿ ಪೈರು ಒಣಗಿ ಕಳೆ ಉಳಿದಂತೆ. ಅಲ್ಲದೆ, ವಂಶವಾಹಿಗಳ ಗಾಯವನ್ನು ಸರಿಪಡಿಸುವ ಕೆಲಸವೂ ಅಭಾವದಲ್ಲಿ ಸಡಿಲಗೊಳ್ಳುವುದರಿಂದ ಹೊಸ ದೋಷಗಳು ಸೇರುತ್ತ ಹೋಗುತ್ತವೆ.

ಇದು ಕೇವಲ ಊಹೆಯಲ್ಲ. 2001ರಲ್ಲಿ ಹಾಲೆಂಡಿನ ಸಂಶೋಧಕರು ಸ್ತನದ ಮಾದರಿಗಳನ್ನು ಪರೀಕ್ಷಿಸಿದಾಗ ಸಹಜ ಸ್ತನದಲ್ಲಿ ಈ ಹಿಫ್ ಪ್ರೋಟೀನಿನ ಶೇಖರಣೆ ಕಾಣಲಿಲ್ಲ. ನಾಳದೊಳಗಿನ ಅರ್ಬುದದಲ್ಲಿ, ಎಂದರೆ ಆಕ್ರಮಣಕ್ಕೆ ಮೊದಲೇ, ಅದು ಕಂಡಿತು. 2003ರಲ್ಲಿ ಸ್ವೀಡನ್ನಿನ ವಿದ್ವಾಂಸರು, ಸತ್ತ ರಾಶಿಯ ಸುತ್ತಲಿನ ಕೋಶಗಳಲ್ಲಿ ಈಸ್ಟ್ರೋಜನ್ ಗ್ರಾಹಕಗಳು ಕಡಮೆಯಾಗಿ, ಅವು ನಾಳದ ಕೋಶಗಳೆಂಬ ಲಕ್ಷಣವನ್ನೇ ಮರೆಯತೊಡಗಿರುವುದನ್ನು ತೋರಿಸಿದರು. ಈಸ್ಟ್ರೋಜನ್ ಗ್ರಾಹಕವನ್ನೇ ಗುರಿಯಾಗಿಸಿಕೊಂಡ ಔಷಧಗಳಿರುವುದರಿಂದ ಈ ಮರೆವು ಚಿಕಿತ್ಸೆಗೆ ಸಣ್ಣ ವಿಷಯವಲ್ಲ.

ನಾಳದೊಳಗಿನ ಅರ್ಬುದಗಳೆಲ್ಲವೂ ತಳಪೊರೆಯನ್ನು ಸೀಳಿ ಹೊರಬೀಳುವುವೆಂದು ತಿಳಿಯಬಾರದು; ಎಷ್ಟೋ ಒಳಗೇ ಉಳಿದುಬಿಡುತ್ತವೆ. ಆದರೆ ಯಾವುದು ಉಳಿಯುವುದು, ಯಾವುದು ಹೊರಡುವುದು ಎಂದು ಮೊದಲೇ ನಿಶ್ಚಯವಾಗಿ ಹೇಳುವ ಪರೀಕ್ಷೆಯಿಲ್ಲ. ನಡುವೆ ಕೋಶಮರಣವು ಕಂಡಿದ್ದರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಕೈಗೆ ಸಿಗದ ಈ ವ್ಯಾಧಿಯು ಸಿಕ್ಕಿಬೀಳುವುದೂ ಹಲವೊಮ್ಮೆ ಆ ಮರಣದಿಂದಲೇ. ಸತ್ತ ಕೋಶಗಳಲ್ಲಿ ಸುಣ್ಣದ ಅಂಶವು ಸೇರಿ, ಸ್ತನದ ಕ್ಷ-ಕಿರಣ ಚಿತ್ರವಾದ ಮ್ಯಾಮೋಗ್ರಾಮಿನಲ್ಲಿ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳಾಗಿ ಕಾಣುತ್ತದೆ. ಆ ತಾಯಿಯವರ ಚಿತ್ರದಲ್ಲಿದ್ದುದೂ ಅದೇ.

ಇಷ್ಟನ್ನು ಅವರ ಜಗಲಿಯ ಮೇಲೆ ಕುಳಿತು, ಕಾಲುವೆ ಗದ್ದೆಗಳ ಉಪಮಾನದಿಂದಲೇ ಹೇಳಿದೆನು. “ಹಾಗಾದರೆ ಪೊರೆ ಹರಿಯುವುದಕ್ಕೆ ಮುಂಚೆ ತೆಗೆಸಬೇಕು ಅನ್ನಿ” ಎಂದರು. ಮುಂದಿನ ತಿಂಗಳು ಶಸ್ತ್ರಕ್ರಿಯೆಯಾಯಿತು. ತೆಗೆದ ಭಾಗವನ್ನೆಲ್ಲ ಸೀಳಿ ನೋಡಿದಾಗಲೂ ತಳಪೊರೆ ಎಲ್ಲಿಯೂ ಹರಿದಿರಲಿಲ್ಲವೆಂದು ಎರಡನೆಯ ವರದಿಯಲ್ಲಿತ್ತು. ಅದನ್ನು ಓದಿಸಲು ಅವರು ನನ್ನ ಬಳಿಗೆ ಬರಲಿಲ್ಲ. ಮಗಳಿಂದ ಓದಿಸಿಕೊಂಡು, ಬಂದು ನನಗೇ ಅರ್ಥ ಹೇಳಿದರು.