ನಿಮ್ಮ ಗ್ರೈಂಡರ್ ಯಾವ ಮೀಟರಿನಲ್ಲಿದೆ?

ನಾಸಿಕ್ ಪಕ್ಕದ ಏಕಲಹರೆಯಲ್ಲಿ ಕಲ್ಲಿದ್ದಲು ಸುಡುವ 210 ಮೆಗಾವ್ಯಾಟಿನ ಮೂರು ಘಟಕಗಳಿವೆ. ಹೊಗೆ, ಬೂದಿ ಆ ಊರಿನ ಪಾಲಿಗೆ. ಮಹಾವಿತರಣದ ದರ ಮಾತ್ರ ಅಲ್ಲಿಗೂ ಛತ್ರಪತಿ ಸಂಭಾಜಿನಗರಕ್ಕೂ ಒಂದೇ! ಈ ಕಂಪನಿ 2005ರಲ್ಲಿ ಹಳೆಯ ವಿದ್ಯುತ್ ಮಂಡಳಿ ಒಡೆದಾಗ ಹುಟ್ಟಿದ್ದು. ಸಂಭಾಜಿನಗರವಿನ್ನೂ ಔರಂಗಾಬಾದ್ ಆಗಿದ್ದಾಗ, 2011ರಿಂದ 2014ರವರೆಗೆ, ಖಾಸಗಿ ಜಿಟಿಎಲ್ ವಿತರಣೆ ನೋಡಿಕೊಂಡಿತು. ಆಮೇಲೆ ಮತ್ತೆ ಮಹಾವಿತರಣವೇ.

ಸದಸ್ಯ ಬಾಂಧವರು ಗಮನಿಸಬೇಕಾದದ್ದು ಬೇರೆ. ಮನೆ ಮೀಟರಿನಲ್ಲಿ ಕೇಟರಿಂಗಿನ ಗ್ರೈಂಡರ್, ಡೀಪ್ ಫ್ರೀಜರ್ ಓಡಿಸಿ ಸಿಕ್ಕಿಬಿದ್ದರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ವಾಣಿಜ್ಯ ದರದ ದುಪ್ಪಟ್ಟು ಕಟ್ಟಬೇಕು. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಲೆಕ್ಕ. ಒಂದು ಮದುವೆ ಸೀಸನ್ನಿನ ಲಾಭವೇ ಹೋದೀತು. ವಾಣಿಜ್ಯ ಮೀಟರಿಗೆ ಈಗಲೇ ಅರ್ಜಿ ಹಾಕಿಕೊಳ್ಳಿ.